ಬೆರಳು ಹೋದ ಮೇಲೆ ಪರ್ಸೆಂಟೇಜ್ ಲೆಕ್ಕ: ಇಎಸ್‌ಐ ಮೆಡಿಕಲ್ ಬೋರ್ಡಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಕೆಲಸದಲ್ಲಿ ಗಾಯಗೊಂಡವರ ನಷ್ಟ ಎಷ್ಟು ಪರ್ಸೆಂಟ್ ಎಂದು ನಿರ್ಧರಿಸುವ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡೆಯ ಡಾಕ್ಟರುಗಳ ತಂಡವೇ ಮೆಡಿಕಲ್ ಬೋರ್ಡ್; ಜೀವಮಾನವಿಡೀ ಬರುವ ಪಿಂಚಣಿ ಆ ಪರ್ಸೆಂಟೇಜಿನ ಮೇಲೆ ನಿಂತಿರುತ್ತದೆ. ಆ ಬೋರ್ಡಿನ ಮುಂದೆ ಕುಳಿತವರನ್ನು ಡಾಕ್ಟರು "ಈಗ ಹೇಗಿದೆ?" ಎಂದು ಕೇಳಿದರೆ ನಮ್ಮವರ ಬಾಯಿಂದ ಬರುವ ಮೊದಲ ಮಾತು "ಪರವಾಗಿಲ್ಲ ಸಾರ್". ದೊಡ್ಡವರ ಮುಂದೆ ನೋವು ತೋಡಿಕೊಳ್ಳಬಾರದು ಎಂದು ಕಲಿತು ಬೆಳೆದವರು ನಾವು. ಆದರೆ ಬೋರ್ಡಿನ ಕೋಣೆಯಲ್ಲಿ ಆ ವಿನಯ ದುಬಾರಿಯಾಗುತ್ತದೆ. ಎರಡು ಗೆಣ್ಣು ಕಳೆದುಕೊಂಡ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ "ಕೆಲಸ ಮಾಡಿಕೊಂಡು ಹೋಗುತ್ತಿದ್ದೇನೆ" ಎಂದು ಹೇಳಿ ಬಂದವರನ್ನು ನಾನು ಕಂಡಿದ್ದೇನೆ. ಪೀಣ್ಯದ ಒಂದು ಪ್ರೆಸ್ ಶಾಪಿನ (ಲೋಹದ ಶೀಟ್ ಒತ್ತುವ ಕಾರ್ಖಾನೆಯ) ಟೈಮ್ ಆಫೀಸಿನಲ್ಲಿ ಬಹಳ ವರ್ಷ ಕುಳಿತವನು ನಾನು. ಅಪಘಾತದ ವರದಿ ಬರೆಯುವುದು, ಗಾಯಗೊಂಡವರನ್ನು ಡಿಸ್ಪೆನ್ಸರಿಗೆ ಕಳುಹಿಸುವುದು, ಬೋರ್ಡಿನ ದಿನ ಅವರ ಜೊತೆ ಬೆಂಚಿನ ಮೇಲೆ ಕಾಯುವುದು, ಇವೆಲ್ಲ ನನ್ನ ಕೆಲಸದ ಭಾಗವಾಗಿದ್ದವು. ಅಲ್ಲಿ ಕಂಡದ್ದನ್ನು ಒಂದು ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಬೋರ್ಡ್ ನಿಮ್ಮನ್ನು ನೋಡುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳಲ್ಲಿ ಏನಾಗುತ್ತದೆ ಎಂಬುದು ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ನೀವು ಕೂಡಿಟ್ಟ ಕಾಗದಗಳ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಬೋರ್ಡಿನ ಬಾಗಿಲಿನಿಂದ ಶುರುವಾಗುವುದಿಲ್ಲ, ಅಪಘಾತದ ದಿನದಿಂದ ಶುರುವಾಗುತ್ತದೆ.

ಮೊದಲೇ ಒಂದು ಎಚ್ಚರಿಕೆ. ಇಎಸ್‌ಐ ನಡೆದುಕೊಂಡು ಬಂದದ್ದು 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ ಅಡಿಯಲ್ಲಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಅದರಲ್ಲಿ ಸೇರಿಹೋಗಿದೆ. ಹಾಗಾಗಿ ನಿಮಗೆ ಬರುವ ಪತ್ರದಲ್ಲಿ ಸೆಕ್ಷನ್ ಸಂಖ್ಯೆ, ನಮೂನೆಯ ಸಂಖ್ಯೆ ಬೇರೆ ಇರಬಹುದು. ನಾನು ಇಲ್ಲಿ ಕೊಡುವುದು ಹಳೆಯ ಕಾಯ್ದೆಯ ಅಡಿ ಕೌಂಟರಿನಲ್ಲಿ ರೂಢಿಯಾದ ಸಂಖ್ಯೆ, ಗಡುವು. ಅರ್ಜಿ ಕೊಡುವ ದಿನ ಇಎಸ್‌ಐ ಶಾಖಾ ಕಚೇರಿಯಲ್ಲಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಪರ್ಸೆಂಟೇಜ್ ಎಂದರೆ ಯಾವುದರ ಪರ್ಸೆಂಟೇಜ್?

ಗೊಂದಲ ಹುಟ್ಟುವುದೇ ಇಲ್ಲಿ. ಬೋರ್ಡ್ ಅಳೆಯುವುದು ನಿಮ್ಮ ನೋವನ್ನಲ್ಲ, ಗಾಯದ ಉದ್ದವನ್ನೂ ಅಲ್ಲ. ಅದು ಅಳೆಯುವುದು ಗಳಿಕೆಯ ಸಾಮರ್ಥ್ಯದಲ್ಲಿ ಆದ ನಷ್ಟವನ್ನು. ಕಾಯ್ದೆಯ ಮಾತಿನಲ್ಲಿ ಹೇಳುವುದಾದರೆ, ಅಪಘಾತವಾದ ಹೊತ್ತಿಗೆ ನೀವು ಮಾಡಲು ಶಕ್ತರಾಗಿದ್ದ ಪ್ರತಿಯೊಂದು ಉದ್ಯೋಗದಲ್ಲಿ ನಿಮ್ಮ ಗಳಿಕೆಯ ಶಕ್ತಿ ಕುಗ್ಗಿದ್ದರೆ ಅದು ಶಾಶ್ವತ ಭಾಗಶಃ ಅಂಗವಿಕಲತೆ. ಮಾಡಬಲ್ಲವರಾಗಿದ್ದ ಎಲ್ಲ ಕೆಲಸಕ್ಕೂ ಅಸಮರ್ಥರಾದರೆ ಅದು ಶಾಶ್ವತ ಪೂರ್ಣ ಅಂಗವಿಕಲತೆ.

ಇನ್ನೊಂದು ಪರ್ಸೆಂಟೇಜ್ ಇದೆ: ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆ ಕೊಡುವ ಪ್ರಮಾಣಪತ್ರ, ಅಂದರೆ ಯುಡಿಐಡಿ ಕಾರ್ಡಿನಲ್ಲಿ ಇರುವ ಸಂಖ್ಯೆ. ಬಸ್ ಪಾಸ್, ಮೀಸಲಾತಿ ಮುಂತಾದವಕ್ಕೆ ಅದು ಬೇಕು. ಅಲ್ಲಿ 40 ಪರ್ಸೆಂಟ್ ಎಂಬುದು ದೊಡ್ಡ ಗಡಿ. ಇಎಸ್‌ಐ ಬೋರ್ಡಿಗೆ ಆ ಸಂಖ್ಯೆಯ ಹಂಗಿಲ್ಲ. ಯುಡಿಐಡಿಯಲ್ಲಿ 45 ಬಂದವರಿಗೆ ಬೋರ್ಡಿನಲ್ಲಿ 30 ಬರಬಹುದು, ತಿರುಗು ಮುರುಗಾಗಿಯೂ ಆಗಬಹುದು. ಎರಡೂ ಬೇರೆ ಬೇರೆ ತಕ್ಕಡಿ. ಇಎಸ್‌ಐಯಲ್ಲಿ 40 ದಾಟಬೇಕೆಂಬ ನಿಯಮವೂ ಇಲ್ಲ. ಬೆರಳ ತುದಿ ಹೋಗಿ 2 ಪರ್ಸೆಂಟ್ ಬಂದರೂ ಅದಕ್ಕೆ ತಕ್ಕ ಹಣ ಜೀವಮಾನವಿಡೀ ಬರುತ್ತದೆ.

ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಅಂಗಕ್ಕೆ ತಕ್ಕ ಪರ್ಸೆಂಟೇಜ್ ಬರೆದಿಟ್ಟಿದ್ದಾರೆ. ಓದಲು ಕಟುಕರ ಅಂಗಡಿಯ ದರಪಟ್ಟಿಯಂತೆ ಕಾಣುತ್ತದೆ, ಆದರೆ ತಿಳಿದಿರಬೇಕು. ಕೆಲವನ್ನು ಮಾತ್ರ ಕೊಡುತ್ತೇನೆ:

- ಎರಡೂ ಕೈ ಹೋದರೆ, ಅಥವಾ ಒಂದು ಕೈ ಮತ್ತು ಒಂದು ಪಾದ ಹೋದರೆ: 100
- ಭುಜದ ಕೀಲಿನಿಂದಲೇ ತೋಳು ಹೋದರೆ: 90
- ಒಂದು ಹಸ್ತ, ಅಥವಾ ಒಂದೇ ಕೈಯ ಹೆಬ್ಬೆರಳು ಮತ್ತು ನಾಲ್ಕೂ ಬೆರಳು: 60
- ಒಂದು ಕೈಯ ನಾಲ್ಕು ಬೆರಳು: 50, ಮೂರು ಬೆರಳು: 30, ಎರಡು ಬೆರಳು: 20
- ಹೆಬ್ಬೆರಳು: 30, ಹೆಬ್ಬೆರಳಿನ ತುದಿಯ ಗೆಣ್ಣು: 20
- ತೋರುಬೆರಳು ಪೂರ್ತಿ: 14, ಎರಡು ಗೆಣ್ಣು: 11, ಒಂದು ಗೆಣ್ಣು: 9
- ನಡುಬೆರಳು ಪೂರ್ತಿ: 12, ಎರಡು ಗೆಣ್ಣು: 9, ಒಂದು ಗೆಣ್ಣು: 7
- ಉಂಗುರದ ಬೆರಳು ಅಥವಾ ಕಿರುಬೆರಳು ಪೂರ್ತಿ: 7, ಎರಡು ಗೆಣ್ಣು: 6, ಒಂದು ಗೆಣ್ಣು: 5
- ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ: 30

ಅನುಸೂಚಿಯ ಕೊನೆಯಲ್ಲಿ ಒಂದು ಟಿಪ್ಪಣಿ ಇದೆ, ಬಹಳ ಜನ ಅದನ್ನು ಓದುವುದೇ ಇಲ್ಲ. ಒಂದು ಅಂಗದ ಉಪಯೋಗ ಪೂರ್ತಿಯಾಗಿ ಮತ್ತು ಶಾಶ್ವತವಾಗಿ ಹೋದರೆ ಆ ಅಂಗವೇ ಹೋದಂತೆ ಎಂದು ಭಾವಿಸಬೇಕು ಎನ್ನುತ್ತದೆ ಅದು. ಬೆರಳು ಕೈಯಲ್ಲಿ ಇದೆ, ಆದರೆ ಸೆಟೆದು ನಿಂತಿದೆ, ಮಡಿಸಲು ಬರುವುದಿಲ್ಲ, ಸ್ಪರ್ಶವೂ ಇಲ್ಲ ಎಂದಾದರೆ ಈ ಟಿಪ್ಪಣಿ ನಿಮ್ಮ ಪರ ನಿಲ್ಲುತ್ತದೆ.

ಪಟ್ಟಿಯಲ್ಲಿ ಇಲ್ಲದ ಗಾಯಗಳೂ ಸಾಕಷ್ಟಿವೆ: ಬೆನ್ನುಮೂಳೆ, ಸೊಂಟ, ಮಣಿಕಟ್ಟಿನ ನರ, ತಲೆಗೆ ಬಿದ್ದ ಪೆಟ್ಟು. ಇವುಗಳಿಗೆ ಬೋರ್ಡ್ ತನ್ನ ವಿವೇಚನೆಯಿಂದ ಪರ್ಸೆಂಟೇಜ್ ನಿಗದಿ ಮಾಡುತ್ತದೆ. ನಿಮ್ಮ ತಯಾರಿಗೆ ಹೆಚ್ಚು ಬೆಲೆ ಬರುವುದು ಇಂಥ ಗಾಯಗಳಲ್ಲೇ. ಕತ್ತರಿಸಿ ಹೋದ ಬೆರಳನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಸತ್ತ ನರವನ್ನು ವಿವರಿಸಬೇಕು.

ಹಂತ 1: ಅಪಘಾತದ ದಿನ

ರಕ್ತ ನಿಲ್ಲಿಸುವುದು ಮೊದಲು, ಆಸ್ಪತ್ರೆ ನಂತರ, ಕಾಗದ ಅದರ ನಂತರ. ಆದರೆ ಕಾಗದ ಮರುದಿನಕ್ಕೆ ಉಳಿಯಬಾರದು. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ನಮೂದು ಆಗಲೇಬೇಕು. ನೀವೇ ಬರೆಸಲು ಆಗದ ಸ್ಥಿತಿಯಲ್ಲಿ ಇದ್ದರೆ ಜೊತೆಯವರು ಬರೆಸಬಹುದು. ಅಂಗ ಹೋಗುವಂಥ ಗಂಭೀರ ಗಾಯವಾದರೆ ಮಾಲೀಕರು ತಕ್ಷಣ ಫಾರಂ 12ರಲ್ಲಿ ಅಪಘಾತದ ವರದಿಯನ್ನು ಇಎಸ್‌ಐಗೆ ಸಲ್ಲಿಸಬೇಕು. ಆ ವರದಿಯ ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲಿ.

ವರದಿಯಲ್ಲಿ ಯಾವ ಯಂತ್ರ, ಯಾವ ಕೈ, ಯಾವ ಬೆರಳು ಎಂಬುದು ಸ್ಪಷ್ಟವಾಗಿರಬೇಕು. ಒಮ್ಮೆ ಅವಸರದಲ್ಲಿ ನಾನೇ "ಬಲಗೈ" ಎಂದು ಬರೆದುಬಿಟ್ಟಿದ್ದೆ, ಗಾಯ ಆಗಿದ್ದು ಎಡಗೈಗೆ. ಅದನ್ನು ತಿದ್ದಿಸಲು ಆ ಹುಡುಗ ಮೂರು ಬಾರಿ ಓಡಾಡಬೇಕಾಯಿತು. ಅಂದಿನಿಂದ ಗಾಯಾಳುವನ್ನೇ ಎದುರು ಕೂರಿಸಿಕೊಂಡು, ಸಾಧ್ಯವಾಗದಿದ್ದರೆ ಕಂಡವರನ್ನು ಕೇಳಿ, ಓದಿ ಹೇಳಿ ಸಹಿ ಹಾಕಿಸುತ್ತಿದ್ದೆ.

ಆಸ್ಪತ್ರೆಯಲ್ಲಿ "ಹೇಗಾಯಿತು?" ಎಂದು ಕೇಳಿದಾಗ ನಿಜವನ್ನೇ ಹೇಳಿ. "ಮನೆಯಲ್ಲಿ ಬಿದ್ದೆ ಎಂದು ಹೇಳಿಬಿಡು, ಖರ್ಚೆಲ್ಲ ನಾವು ನೋಡಿಕೊಳ್ಳುತ್ತೇವೆ" ಎಂದು ಸೂಪರ್‌ವೈಸರ್ ಕಿವಿಯಲ್ಲಿ ಹೇಳುವುದುಂಟು. ಆ ಒಂದು ಸಾಲು ಆಸ್ಪತ್ರೆಯ ದಾಖಲೆಯಲ್ಲಿ ಸೇರಿದರೆ ಮುಂದೆ ಇದು ಉದ್ಯೋಗದಲ್ಲಿ ಆದ ಗಾಯವೆಂದು ಸಾಧಿಸಲು ನೀವು ವರ್ಷಗಟ್ಟಲೆ ಅಲೆಯಬೇಕಾದೀತು. ಮಾಲೀಕರ ಖರ್ಚು ಆಸ್ಪತ್ರೆಯ ಬಿಲ್ಲಿಗೆ ನಿಲ್ಲುತ್ತದೆ, ಪಿಂಚಣಿ ನಿಮ್ಮ ಉಸಿರಿರುವವರೆಗೆ ಇರುತ್ತದೆ.

ಕೆಲಸಕ್ಕೆ ಬರುವಾಗ ಅಥವಾ ಮನೆಗೆ ಹೋಗುವಾಗ ರಸ್ತೆಯಲ್ಲಿ ಆದ ಅಪಘಾತವೂ ಇಎಸ್‌ಐಯಲ್ಲಿ ಉದ್ಯೋಗದ ಗಾಯವೇ. 2010ರಲ್ಲಿ ಕಾಯ್ದೆಗೆ ಮಾಡಿದ ತಿದ್ದುಪಡಿ ಇದನ್ನು ಸೇರಿಸಿತು. ಆದರೆ ಹೊತ್ತು, ದಾರಿ, ಸಂದರ್ಭ ಮೂರೂ ಕೆಲಸಕ್ಕೆ ತಾಳೆಯಾಗಬೇಕು. ಶಿಫ್ಟ್ ಮುಗಿದು ಮೂರು ಗಂಟೆ ಕಳೆದ ಮೇಲೆ ಬೇರೆ ದಿಕ್ಕಿನಲ್ಲಿ ಬಿದ್ದರೆ ಪ್ರಶ್ನೆ ಏಳುತ್ತದೆ. ಎಫ್‌ಐಆರ್, ಆಸ್ಪತ್ರೆಯ ಮೆಡಿಕೋ-ಲೀಗಲ್ ದಾಖಲೆ, ಆ ದಿನದ ಹಾಜರಿ, ಇವನ್ನು ಒಟ್ಟಿಗೆ ಇಡಿ. ಗಾರ್ಮೆಂಟ್ಸ್ ಕೆಲಸಕ್ಕೆ ವ್ಯಾನಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ಇದು ಮುಖ್ಯ. ವ್ಯಾನ್ ಕಾರ್ಖಾನೆಯದ್ದೇ ಅಥವಾ ಕಾರ್ಖಾನೆ ಗೊತ್ತುಮಾಡಿದ್ದೇ ಆದರೆ ಅದಕ್ಕೆ ಪ್ರತ್ಯೇಕ ರಕ್ಷಣೆ ಮೊದಲಿನಿಂದಲೂ ಇದೆ.

"ನಾನು ಸೇರಿ ನಾಲ್ಕೇ ದಿನ ಆಗಿತ್ತು, ನನಗೆ ಸಿಗುತ್ತದೆಯೇ?" ಸಿಗುತ್ತದೆ. ಅನಾರೋಗ್ಯದ ಭತ್ಯೆಗೆ ಇಂತಿಷ್ಟು ದಿನದ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿದೆ; ಉದ್ಯೋಗದ ಗಾಯಕ್ಕೆ ಅದಿಲ್ಲ, ಮೊದಲ ದಿನದಿಂದಲೇ ರಕ್ಷಣೆ. ಮಾಲೀಕರು ಹೆಸರು ಸೇರಿಸಿರಲಿಲ್ಲ ಎಂಬ ಕಾರಣಕ್ಕೂ ನಿಮ್ಮ ಹಕ್ಕು ಹೋಗುವುದಿಲ್ಲ. ಇಎಸ್‌ಐ ನಿಗಮ ನಿಮಗೆ ಕೊಟ್ಟು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಕಾಯ್ದೆಯಲ್ಲಿ ದಾರಿ ಇದೆ. ಆದರೆ ಅಂದು ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಪುರಾವೆ ಬೇಕು: ಗೇಟ್ ಪಾಸ್, ಸಂಬಳ ಬಿದ್ದ ಬ್ಯಾಂಕ್ ಖಾತೆಯ ವಿವರ, ಕಾಂಟ್ರಾಕ್ಟರ್ ಕಳುಹಿಸಿದ ವಾಟ್ಸಾಪ್ ಸಂದೇಶವಾದರೂ ಸರಿ.

ಹಂತ 2: ಚಿಕಿತ್ಸೆಯ ತಿಂಗಳುಗಳು ಮತ್ತು ಫಿಟ್ ಸರ್ಟಿಫಿಕೇಟಿನ ಬಲೆ

ಗಾಯ ಮಾಯುವವರೆಗೆ ನಿಮಗೆ ಬರುವುದು ತಾತ್ಕಾಲಿಕ ಅಂಗವಿಕಲತೆಯ ಭತ್ಯೆ. ಸರಾಸರಿ ದಿನಗೂಲಿಯ 90 ಪರ್ಸೆಂಟ್. ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸಕ್ಕೆ ಅಸಮರ್ಥರಾಗಿರಬೇಕು. ಡಿಸ್ಪೆನ್ಸರಿಯ ಡಾಕ್ಟರು ಕೊಡುವ ಪ್ರತಿ ಸರ್ಟಿಫಿಕೇಟಿನಲ್ಲಿ ಇದು ಉದ್ಯೋಗದ ಗಾಯ ಎಂಬ ಉಲ್ಲೇಖ ಇದೆಯೇ ನೋಡಿಕೊಳ್ಳಿ. ಸಾಮಾನ್ಯ ಕಾಯಿಲೆಯೆಂದು ದಾಖಲಾದರೆ ಭತ್ಯೆಯೂ ಕಡಿಮೆ, ಬೋರ್ಡಿನ ದಾರಿಯೂ ಮುಚ್ಚಿಕೊಳ್ಳುತ್ತದೆ.

ಇನ್ನು ಕೆಲಸಕ್ಕೆ ಮರಳಬಹುದು ಎಂದು ಅವರು ಕೊಡುವ ಕೊನೆಯ ಸರ್ಟಿಫಿಕೇಟನ್ನೇ ನಾವು "ಫಿಟ್" ಎನ್ನುವುದು. ಅದು ಬಂದ ದಿನ ತಾತ್ಕಾಲಿಕ ಭತ್ಯೆ ನಿಲ್ಲುತ್ತದೆ, ಬೋರ್ಡಿನ ಗಡುವು ಓಡಲು ಶುರುವಾಗುತ್ತದೆ. ಎರಡು ರೀತಿಯ ತಪ್ಪು ನೋಡಿದ್ದೇನೆ. ಒಂದು, ಸಾಲದ ಕಂತಿನ ಭಯಕ್ಕೆ ಅರ್ಧ ಮಾಗಿದ ಕೈಯಲ್ಲೇ ಫಿಟ್ ಬೇಡಿ ಪಡೆದು ಹೋಗುವುದು. ಇನ್ನೊಂದು, ಫಿಟ್ ಸಿಕ್ಕ ಮೇಲೆ "ಎಲ್ಲಾ ಮುಗಿಯಿತು" ಎಂದು ಬೋರ್ಡನ್ನೇ ಮರೆತುಬಿಡುವುದು. ಎರಡನೆಯದೇ ಹೆಚ್ಚು.

ತಾತ್ಕಾಲಿಕ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. "ರಾಜೀನಾಮೆ ಬರೆದುಕೊಡು, ಸೆಟ್ಲ್‌ಮೆಂಟ್ ಮಾಡುತ್ತೇವೆ" ಎಂದರೆ ಬರೆದುಕೊಡಬೇಡಿ.

ಫಿಸಿಯೋಥೆರಪಿಗೆ ಹೋಗಿ. ಪರ್ಸೆಂಟೇಜ್ ಕಡಿಮೆಯಾದೀತೆಂದು ವ್ಯಾಯಾಮ ಬಿಟ್ಟವರೊಬ್ಬರನ್ನು ಬಲ್ಲೆ. ಬೆರಳು ಕಲ್ಲಾಯಿತು. ಬೋರ್ಡಿನ ಪತ್ರದಲ್ಲಿ ಎರಡು ಮೂರು ಅಂಕ ಹೆಚ್ಚು ಬಂದಿರಬಹುದು, ಆದರೆ ಆ ಕೈಯಲ್ಲಿ ಅವರು ಇಂದಿಗೂ ಅಂಗಿಯ ಗುಂಡಿ ಹಾಕಿಕೊಳ್ಳಲಾರರು. ಫಿಸಿಯೋಗೆ ಹೋದ ದಿನಗಳ ಚೀಟಿಗಳೇ ಬೋರ್ಡಿನ ಮುಂದೆ ಒಳ್ಳೆಯ ಸಾಕ್ಷಿ: ಎಲ್ಲಾ ಪ್ರಯತ್ನ ಮಾಡಿದ ಮೇಲೂ ಇಷ್ಟೇ ಮಡಚುತ್ತದೆ ಎಂದು ಅವು ಹೇಳುತ್ತವೆ.

ಹಂತ 3: ನಿಮ್ಮ ದಿನಗೂಲಿ ಎಷ್ಟು ಎಂದು ದಾಖಲಾಗಿದೆ?

ಪರ್ಸೆಂಟೇಜಿನ ಹಿಂದೆ ಬಿದ್ದು ಎಲ್ಲರೂ ಮರೆಯುವುದು ಇದನ್ನು. ಕೈಗೆ ಬರುವ ಹಣ ಎರಡು ಸಂಖ್ಯೆಗಳ ಗುಣಾಕಾರ: ಸರಾಸರಿ ದಿನಗೂಲಿಯ 90 ಪರ್ಸೆಂಟ್, ಅದಕ್ಕೆ ಬೋರ್ಡ್ ಕೊಟ್ಟ ಪರ್ಸೆಂಟೇಜ್.

ದಿನಗೂಲಿ 600 ರೂಪಾಯಿ ಎಂದಿಟ್ಟುಕೊಳ್ಳಿ. ಅದರ 90 ಪರ್ಸೆಂಟ್ 540. ತೋರುಬೆರಳಿನ ಎರಡು ಗೆಣ್ಣು ಹೋಗಿ 11 ಪರ್ಸೆಂಟ್ ಬಂದರೆ ದಿನಕ್ಕೆ 59 ರೂಪಾಯಿ 40 ಪೈಸೆ, ಮೂವತ್ತು ದಿನಕ್ಕೆ 1,782 ರೂಪಾಯಿ. ಹೆಬ್ಬೆರಳು ಹೋಗಿ 30 ಬಂದರೆ ದಿನಕ್ಕೆ 162, ಮೂವತ್ತು ದಿನಕ್ಕೆ 4,860.

ಈಗ ಮಾಲೀಕರು ನಿಮಗೆ 600 ಕೊಟ್ಟು ಇಎಸ್‌ಐಗೆ 450 ಎಂದು ತೋರಿಸಿದ್ದಾರೆ ಎನ್ನಿ. ಅದೇ 11 ಪರ್ಸೆಂಟಿಗೆ ದಿನಕ್ಕೆ 44 ರೂಪಾಯಿ 55 ಪೈಸೆ ಬರುತ್ತದೆ. ವ್ಯತ್ಯಾಸ ವರ್ಷಕ್ಕೆ ಸುಮಾರು 5,420 ರೂಪಾಯಿ, ಅದೂ ಜೀವಮಾನವಿಡೀ. ಸಂಬಳವನ್ನು ಕಡಿಮೆ ತೋರಿಸಿದರೆ ನಿಮ್ಮ ಪಾಲಿನ 0.75 ಪರ್ಸೆಂಟ್ ವಂತಿಗೆಯಲ್ಲಿ ನಾಲ್ಕು ಕಾಸು ಉಳಿಯುತ್ತದೆ ಎಂದು ಖುಷಿಪಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಯಾವ ತಿಂಗಳುಗಳ ಸಂಬಳ ಲೆಕ್ಕಕ್ಕೆ ಬರುತ್ತದೆ? ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ಜನವರಿಯಿಂದ ಜೂನ್ ಒಳಗೆ ಗಾಯವಾದರೆ ಹಿಂದಿನ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಬಳ. ಜುಲೈಯಿಂದ ಡಿಸೆಂಬರ್ ಒಳಗೆ ಆದರೆ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು. ಓವರ್‌ಟೈಮ್ ಹಣವೂ ಈ ಲೆಕ್ಕದಲ್ಲಿ ಸೇರಬೇಕು. ಹೊಸದಾಗಿ ಸೇರಿದವರಿಗೆ ಗಾಯವಾದ ವೇತನ ಅವಧಿಯ ಸಂಬಳವೇ ಆಧಾರ. ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ಐಪಿ ನಂಬರ್ (ಇಎಸ್‌ಐ ಕೊಟ್ಟ ವಿಮಾ ಸಂಖ್ಯೆ) ಹಾಕಿ ವಂತಿಗೆಯ ವಿವರ ನೋಡಿ, ಸಂಬಳದ ಚೀಟಿಯ ಪಕ್ಕ ಇಟ್ಟು ತಾಳೆ ಹಾಕಿ. ಹೊಂದಿಕೆಯಾಗದಿದ್ದರೆ ಶಾಖಾ ಕಚೇರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಹಂತ 4: ಬೋರ್ಡಿಗೆ ಕಳುಹಿಸಿ ಎಂದು ಕೇಳುವುದು

ಶಾಖಾ ಕಚೇರಿ ತಾನಾಗಿಯೇ ಕಳುಹಿಸಬಹುದು, ಡಿಸ್ಪೆನ್ಸರಿಯ ಡಾಕ್ಟರು ಶಿಫಾರಸು ಮಾಡಬಹುದು. ಇವರಲ್ಲಿ ಯಾರನ್ನೂ ಕಾಯಬೇಡಿ. ಫಿಟ್ ಸಿಕ್ಕ ಕೂಡಲೇ ನೀವೇ ಅರ್ಜಿ ಕೊಡಿ. ಫಿಟ್ ಸರ್ಟಿಫಿಕೇಟಿನ ದಿನದಿಂದ 12 ತಿಂಗಳ ಒಳಗೆ ಇದಾಗಬೇಕು. ತಾತ್ಕಾಲಿಕ ಭತ್ಯೆಯನ್ನೇ ಪಡೆಯದಿದ್ದರೆ ಗಾಯವಾದ ದಿನದಿಂದ 12 ತಿಂಗಳು. ಗಡುವು ದಾಟಿದ್ದರೂ ಕೈ ಚೆಲ್ಲಬೇಡಿ, ತಕ್ಕ ಕಾರಣ ಕೊಟ್ಟರೆ ವಿಳಂಬವನ್ನು ಮನ್ನಿಸುವ ಅಧಿಕಾರ ನಿಗಮಕ್ಕೆ ಇದೆ.

ಅರ್ಜಿ ಬಿಳಿ ಹಾಳೆಯಲ್ಲಿ ಇದ್ದರೂ ಸಾಕು. ಐಪಿ ನಂಬರ್, ಅಪಘಾತದ ದಿನಾಂಕ, ಕಾರ್ಖಾನೆಯ ಹೆಸರು, ಗಾಯದ ಜಾಗ, ಫಿಟ್ ಆದ ದಿನಾಂಕ, "ಮೆಡಿಕಲ್ ಬೋರ್ಡಿನ ಪರೀಕ್ಷೆಗೆ ಕಳುಹಿಸಬೇಕೆಂದು ಕೋರುತ್ತೇನೆ" ಎಂಬ ಒಂದು ಸಾಲು. ಕನ್ನಡದಲ್ಲೇ ಬರೆಯಿರಿ.

ಹಂತ 5: ಕೈಯ ಡೈರಿ

ಈ ಹಂತವನ್ನು ಯಾವ ಕಚೇರಿಯೂ ಹೇಳುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಬೋರ್ಡಿನ ದಿನ ಬರುವುದಕ್ಕೆ ಎರಡು ವಾರ ಮುಂಚೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಆ ದಿನ ಯಾವ ಕೆಲಸ ಮಾಡಲು ಹೋಗಿ ಆಗಲಿಲ್ಲ ಎಂದು ಬರೆಯುತ್ತಾ ಹೋಗಿ. "ತುಂಬಾ ಕಷ್ಟ", "ಬಹಳ ನೋವು" ಎಂದು ಬರೆದರೆ ಪ್ರಯೋಜನವಿಲ್ಲ. ಈ ರೀತಿ ಇರಲಿ: "ಲೇತಿನ ಚಕ್ ಕೀ ಹಿಡಿದು ಬಿಗಿ ಮಾಡಲು ಆಗಲಿಲ್ಲ, ಪಕ್ಕದ ಹುಡುಗನಿಂದ ಮಾಡಿಸಿದೆ." "ವರ್ನಿಯರ್ ಕೈಯಿಂದ ಎರಡು ಸಲ ಜಾರಿತು." "ಹತ್ತು ನಿಮಿಷ ಹೊಲಿದ ಮೇಲೆ ಬೆರಳು ಜೋಮು ಹಿಡಿಯಿತು, ಗಂಟೆಗೆ ಮೊದಲು ಹೊಲಿಯುತ್ತಿದ್ದ ಪೀಸಿನ ಅರ್ಧವೂ ಆಗಲಿಲ್ಲ." "ಮುದ್ದೆ ತೊಳಸಲು ಕೋಲು ಹಿಡಿತಕ್ಕೆ ಬರಲಿಲ್ಲ." "ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಲು ಎಡಗೈಯನ್ನೇ ಬಳಸಬೇಕಾಯಿತು."

ಆಮೇಲೆ ಇದನ್ನು ಒಂದು ಪುಟಕ್ಕೆ ಇಳಿಸಿ. ಅಪಘಾತಕ್ಕೆ ಮೊದಲು ಮಾಡುತ್ತಿದ್ದ ಕೆಲಸಗಳು ಒಂದು ಕಡೆ, ಈಗ ಮಾಡಲಾಗದ್ದು ಇನ್ನೊಂದು ಕಡೆ. ಬೋರ್ಡಿನವರು ಡಾಕ್ಟರು, ಪವರ್ ಪ್ರೆಸ್ ಆಪರೇಟರ್ ದಿನಕ್ಕೆ ಎಷ್ಟು ಬಾರಿ ಶೀಟ್ ಎತ್ತಿ ಇಡುತ್ತಾನೆ ಎಂಬುದು ಅವರಿಗೆ ತಿಳಿದಿರಬೇಕೆಂದೇನಿಲ್ಲ. ಕೆಲಸ ಬದಲಾಗಿದ್ದರೆ, ಉದಾಹರಣೆಗೆ ಆಪರೇಟರ್ ಆಗಿದ್ದವರನ್ನು ಹೆಲ್ಪರ್ ಮಾಡಿದ್ದರೆ, ಅದರ ಆದೇಶ ಅಥವಾ ಎರಡೂ ಕಾಲದ ಸಂಬಳದ ಚೀಟಿ ಜೊತೆಗಿರಲಿ. ಗಳಿಕೆಯ ನಷ್ಟಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಇಲ್ಲ.

ಉಳಿದ ಕಾಗದಗಳು: ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಆಪರೇಷನ್ ವಿವರ, ಗಾಯವಾದಾಗಿನ ಮತ್ತು ಇತ್ತೀಚಿನ ಎಕ್ಸ್‌ರೇ ಫಿಲ್ಮ್‌ಗಳು (ವರದಿ ಮಾತ್ರವಲ್ಲ, ಫಿಲ್ಮ್ ಕೂಡ), ನರಕ್ಕೆ ಪೆಟ್ಟಾಗಿದ್ದರೆ ನರಗಳ ವಹನ ಪರೀಕ್ಷೆಯ ವರದಿ, ಕಿವಿಯಾದರೆ ಆಡಿಯೋಗ್ರಾಂ, ಕಣ್ಣಾದರೆ ದೃಷ್ಟಿ ಪರೀಕ್ಷೆ. ಅಪಘಾತದ ವರದಿ, ಆಧಾರ್, ಇಎಸ್‌ಐ ಕಾರ್ಡ್. ಎಲ್ಲದರ ಒಂದೊಂದು ಜೆರಾಕ್ಸ್ ಮಾಡಿಸಿ, ಮೂಲವನ್ನು ಕೊಟ್ಟು ಬರಬೇಡಿ.

ಹಂತ 6: ಬೋರ್ಡಿನ ಕೋಣೆಯೊಳಗೆ

ಕರೆಪತ್ರದಲ್ಲಿ ಜಾಗ, ದಿನ, ಹೊತ್ತು ಇರುತ್ತದೆ. ಹೋಗಿಬರುವ ಖರ್ಚು, ಆ ದಿನ ಕಳೆದುಕೊಂಡ ಕೂಲಿ ಎರಡನ್ನೂ ಕೇಳುವ ಹಕ್ಕು ನಿಮಗಿದೆ, ಆದ್ದರಿಂದ ಟಿಕೆಟ್ ಎಸೆಯಬೇಡಿ. ಕಾಯುವುದು ದೀರ್ಘ, ಪರೀಕ್ಷೆ ಚುಟುಕು. ಊಟ ಕಟ್ಟಿಕೊಂಡು ಹೋಗಿ.

ಒಳಗೆ ಡಾಕ್ಟರು ಎರಡೂ ಕೈಗಳನ್ನು ಅಕ್ಕಪಕ್ಕ ಇರಿಸಿ ನೋಡುತ್ತಾರೆ: ಮಾಂಸಖಂಡ ಕರಗಿದೆಯೇ, ಕೀಲು ಎಷ್ಟು ಮಡಚುತ್ತದೆ, ಮುಷ್ಟಿ ಎಷ್ಟು ಬಿಗಿ, ಸ್ಪರ್ಶ ತಿಳಿಯುತ್ತದೆಯೇ, ಮೊಂಡಾದ ತುದಿ ಮುಟ್ಟಿದರೆ ಉರಿಯುತ್ತದೆಯೇ. "ನನ್ನ ಬೆರಳನ್ನು ಜೋರಾಗಿ ಹಿಚುಕಿ" ಎನ್ನಬಹುದು. ಇಲ್ಲಿ ನಾಟಕ ಬೇಡ. ಮುಷ್ಟಿ ಬಿಗಿ ಹಿಡಿಯಲಾರೆ ಎಂದವರು ಹೊರಡುವಾಗ ಅದೇ ಕೈಯಲ್ಲಿ ಭಾರದ ಚೀಲ ಎತ್ತಿಕೊಂಡರೆ ಡಾಕ್ಟರ ಕಣ್ಣು ಅದನ್ನು ಬಿಡುವುದಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ನಿಜ ಅದರ ಜೊತೆ ಮುಳುಗುತ್ತದೆ.

ಹಾಗೆಂದು "ಪರವಾಗಿಲ್ಲ" ಎನ್ನುವುದೂ ಬೇಡ. ಅದೂ ಒಂದು ಬಗೆಯ ಸುಳ್ಳೇ. "ಹೇಗಿದೆ?" ಎಂದರೆ ಒಂದು ಪುಟದ ಟಿಪ್ಪಣಿಯಿಂದ ಮೂರು ವಾಕ್ಯ ಹೇಳಿ: ಮೊದಲು ಏನು ಮಾಡುತ್ತಿದ್ದೆ, ಈಗ ಏನು ಆಗುವುದಿಲ್ಲ, ಅದರಿಂದ ಸಂಬಳಕ್ಕೆ ಏನಾಗಿದೆ. ಹೇಳುತ್ತಾ ಕೈ ತೋರಿಸಿ. ಬಳಸುವ ಕೈ ಯಾವುದು ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ತುದಿಯಲ್ಲಿ ಚಳಿಗೆ ನೋವು, ಬೆರಳಿಗೆ ಏನಾದರೂ ತಗಲಿದರೆ ಕರೆಂಟ್ ಹೊಡೆದಂತೆ ಆಗುವುದು, ಇಂಥವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನೀವು ಹೇಳಿದರೆ ಮಾತ್ರ ದಾಖಲಾಗುತ್ತದೆ. ಒಂದಕ್ಕಿಂತ ಹೆಚ್ಚು ಗಾಯವಿದ್ದರೆ ಎಲ್ಲವನ್ನೂ ಹೇಳಿ. ದೊಡ್ಡ ಗಾಯದ ನೆರಳಿನಲ್ಲಿ ಸಣ್ಣದು ಬಿಟ್ಟುಹೋಗುವುದು ಸಾಮಾನ್ಯ, ಆದರೆ ಲೆಕ್ಕದಲ್ಲಿ ಅವು ಕೂಡಿಕೊಳ್ಳುತ್ತವೆ.

ಹೊರಗೆ ಬೆಂಚಿನ ಬಳಿ "ಇಷ್ಟು ಕೊಟ್ಟರೆ ಇಷ್ಟು ಪರ್ಸೆಂಟ್ ಮಾಡಿಸುತ್ತೇನೆ" ಎನ್ನುವವರು ಸಿಗಬಹುದು. ಅಂಥವರಿಗೆ ಅನುಸೂಚಿ ಬಾಯಿಪಾಠ. ಹೇಗೂ ಬರಲಿರುವ ಸಂಖ್ಯೆಯನ್ನು ನಿಮಗೇ ಮಾರುತ್ತಾರೆ.

ಹಂತ 7: ಪತ್ರ ಬಂದ ಮೇಲೆ

ನಿರ್ಧಾರ ತಾತ್ಕಾಲಿಕವೋ ಅಂತಿಮವೋ ಎಂಬುದನ್ನು ಮೊದಲು ನೋಡಿ. ಗಾಯದ ಸ್ಥಿತಿ ಇನ್ನೂ ಬದಲಾಗಬಹುದು ಎನಿಸಿದರೆ ಬೋರ್ಡ್ ಒಂದು ಅವಧಿಗೆ ಮಾತ್ರ ಪರ್ಸೆಂಟೇಜ್ ಕೊಟ್ಟು ಮತ್ತೆ ಬರಲು ಹೇಳುತ್ತದೆ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರೆತರೆ ಅವಧಿ ಮುಗಿದು ಹಣ ನಿಲ್ಲುತ್ತದೆ.

ನಿರ್ಧಾರದ ಆಧಾರದ ಮೇಲೆ ಫಾರಂ 14ರಲ್ಲಿ ಕ್ಲೇಮ್ ಸಲ್ಲಿಸಿ. ತಾತ್ಕಾಲಿಕ ಭತ್ಯೆ ನಿಂತ ಮರುದಿನದಿಂದ ಲೆಕ್ಕ ಹಾಕಿ ಬಾಕಿ ಸೇರಿಸಿ ಕೊಡಬೇಕು. ನೀವು ಕೆಲಸಕ್ಕೆ ಮರಳಿ ಪೂರ್ತಿ ಸಂಬಳ ಪಡೆಯುತ್ತಿದ್ದರೂ ಈ ಹಣ ಬರುತ್ತದೆ, ಕಾರ್ಖಾನೆ ಬಿಟ್ಟರೂ ಬರುತ್ತದೆ. ಮುಂದೆ ಜ್ವರ ಬಂದು ಅನಾರೋಗ್ಯದ ಭತ್ಯೆ ಪಡೆದರೂ ಇದು ನಿಲ್ಲುವುದಿಲ್ಲ.

ಇನ್ನೊಂದು ಪ್ರಲೋಭನೆ. ದಿನದ ದರ ತೀರಾ ಸಣ್ಣದಿದ್ದರೆ ಪಿಂಚಣಿಯ ಬದಲು ಒಂದೇ ಗಂಟಾಗಿ ಹಣ ಪಡೆಯುವ ಅವಕಾಶ ಇದೆ. ಮಗಳ ಮದುವೆಯೋ ಸೈಟಿನ ಕಂತೋ ಎದುರಿಗಿದ್ದಾಗ ಅದು ಹಿತವಾಗಿ ಕಾಣುತ್ತದೆ. ಆದರೆ ಗಂಟು ಕೈಸೇರಿದ ಮೇಲೆ ಬೋರ್ಡಿನ ನಿರ್ಧಾರದ ವಿರುದ್ಧ ಮೇಲ್ಮನವಿ ಹಾಕುವಂತಿಲ್ಲ. ಪರ್ಸೆಂಟೇಜ್ ಕಡಿಮೆಯಾಯಿತು ಎಂಬ ಅನುಮಾನ ಇದ್ದರೆ ಗಂಟಿಗೆ ಕೈ ಚಾಚಬೇಡಿ.

ಹಂತ 8: ಕಡಿಮೆ ಬಂದರೆ, ಸೊನ್ನೆ ಬಂದರೆ

ಮೇಲ್ಮನವಿಗೆ ಗಡುವು ನಿರ್ಧಾರ ತಿಳಿಸಿದ ದಿನದಿಂದ ಮೂರು ತಿಂಗಳು. ಮೆಡಿಕಲ್ ಅಪೀಲ್ ಟ್ರಿಬ್ಯೂನಲ್‌ಗೆ ಹೋಗಬಹುದು, ಅಲ್ಲಿಂದ ಕಾರ್ಮಿಕರ ವಿಮಾ ನ್ಯಾಯಾಲಯಕ್ಕೆ; ಅಥವಾ ನೇರವಾಗಿ ವಿಮಾ ನ್ಯಾಯಾಲಯಕ್ಕೇ ಹೋಗಬಹುದು. ಪತ್ರ ಬಂದ ಲಕೋಟೆಯನ್ನು ಅಂಚೆ ಮೊಹರಿನ ಸಮೇತ ಇಟ್ಟುಕೊಳ್ಳಿ. ವಿಮಾ ನ್ಯಾಯಾಲಯದಲ್ಲಿ ವಕೀಲರೇ ಬೇಕೆಂದಿಲ್ಲ. ನೀವು ಬರಹದಲ್ಲಿ ಅಧಿಕಾರ ಕೊಟ್ಟರೆ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ನಿಮ್ಮ ಪರ ನಿಲ್ಲಬಹುದು.

ಬರಿಗೈಯಲ್ಲಿ ಹೋಗಬೇಡಿ. ಸರ್ಕಾರಿ ಆಸ್ಪತ್ರೆಯ ಮೂಳೆ ತಜ್ಞರಿಂದ ಇನ್ನೊಂದು ಪರೀಕ್ಷೆ ಮಾಡಿಸಿ, ಅವರ ವರದಿಯಲ್ಲಿ ಅಂಗದ ಸ್ಥಿತಿಯ ಜೊತೆಗೆ ಕೆಲಸದ ಮೇಲೆ ಆದ ಪರಿಣಾಮವೂ ಬರುವಂತೆ ಕೇಳಿಕೊಳ್ಳಿ. ಪಟ್ಟಿಯಲ್ಲಿರುವ ಗಾಯಕ್ಕೆ ಪಟ್ಟಿಗಿಂತ ಕಡಿಮೆ ಬಂದಿದ್ದರೆ ವಾದ ಸರಳ. ಪಟ್ಟಿಯಲ್ಲಿ ಇಲ್ಲದಿದ್ದರೆ ಕೈಯ ಡೈರಿ ಇಲ್ಲಿ ಎರಡನೆಯ ಬಾರಿ ಕೆಲಸಕ್ಕೆ ಬರುತ್ತದೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನಿಮ್ಮ ಪರ ವಾದಿಸುವವರಿಗೆ ನೆನಪಿಸಿ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತಾ ಪ್ರಕರಣ (1976ರ ವರದಿ) ಒಬ್ಬ ಬಡಗಿಯದ್ದು. ಎಡಗೈ ಮೊಣಕೈಗಿಂತ ಮೇಲೆ ಹೋಗಿತ್ತು. ಒಂದೇ ಕೈಯಲ್ಲಿ ಮರಗೆಲಸ ಸಾಧ್ಯವಿಲ್ಲ ಎಂಬ ಕಾರಣಕ್ಕೆ ಪೂರ್ಣ ಅಂಗವಿಕಲತೆ ಎಂದೇ ಎಣಿಸಿದ್ದನ್ನು ನ್ಯಾಯಾಲಯ ಎತ್ತಿಹಿಡಿಯಿತು. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ (2011) ಪ್ರಕರಣದಲ್ಲಿ, ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಗೆ ಆಗುವ ಗಳಿಕೆಯ ನಷ್ಟ ಬೇರೆ, ಸರ್ಕಾರಿ ಗುಮಾಸ್ತನಿಗೆ ಆಗುವುದು ಬೇರೆ ಎಂದು ವಿವರಿಸಿತು. ಮೊದಲನೆಯದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯದ್ದು, ಎರಡನೆಯದು ಮೋಟಾರು ಅಪಘಾತದ್ದು. ಇಎಸ್‌ಐಗೆ ನೇರವಾಗಿ ಅಂಟಿಸಲು ಬರುವುದಿಲ್ಲ. ಆದರೂ ಅಂಗದ ನಷ್ಟವೂ ಗಳಿಕೆಯ ನಷ್ಟವೂ ಒಂದೇ ಅಲ್ಲ ಎಂಬ ತತ್ವವನ್ನು ಇಷ್ಟು ಚೆನ್ನಾಗಿ ಬೇರೆಲ್ಲೂ ಬಿಡಿಸಿ ಹೇಳಿದ್ದನ್ನು ನಾನು ಓದಿಲ್ಲ.

ಅಂತಿಮ ನಿರ್ಧಾರ ಆದ ಮೇಲೂ, ಯಾರೂ ಊಹಿಸದ ರೀತಿಯಲ್ಲಿ ಗಾಯದ ಪರಿಣಾಮ ತೀವ್ರವಾಗಿ ಹದಗೆಟ್ಟರೆ ಬೋರ್ಡಿನ ಮರುಪರಿಶೀಲನೆ ಕೇಳಬಹುದು.

ಇಎಸ್‌ಐ ಇಲ್ಲದವರು

ಇಎಸ್‌ಐಯ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ಅಂಗವಿಕಲ ನೌಕರರಿಗೆ 25,000. ಅದಕ್ಕಿಂತ ಹೆಚ್ಚು ಸಂಬಳದವರಿಗೂ ಇಎಸ್‌ಐ ವ್ಯಾಪ್ತಿಗೆ ಬಾರದ ಜಾಗಗಳಲ್ಲಿ ದುಡಿಯುವವರಿಗೂ ಮಾಲೀಕರಿಂದಲೇ ಪರಿಹಾರ ಕೇಳುವ ದಾರಿ ಇದೆ; ಅಂಗಕ್ಕೆ ತಕ್ಕ ಪಟ್ಟಿ ಅಲ್ಲಿಯೂ ಬಹುಪಾಲು ಇದೇ. ಇಎಸ್‌ಐ ಇದ್ದವರು ಅದೇ ಗಾಯಕ್ಕೆ ಆ ದಾರಿಯನ್ನೂ ಹಿಡಿಯುವಂತಿಲ್ಲ. ಪಿಎಫ್ ಇರುವವರು ಸೇವೆಯಲ್ಲಿದ್ದಾಗಲೇ ಶಾಶ್ವತವಾಗಿ ಮತ್ತು ಪೂರ್ಣವಾಗಿ ಅಸಮರ್ಥರಾದರೆ, ಒಂದೇ ತಿಂಗಳ ವಂತಿಗೆ ಇದ್ದರೂ, 1995ರ ಪಿಂಚಣಿ ಯೋಜನೆಯಲ್ಲಿ ಅಂಗವಿಕಲ ಪಿಂಚಣಿ ಉಂಟು. ಅದಕ್ಕೆ ಗಾಯ ಕಾರ್ಖಾನೆಯಲ್ಲೇ ಆಗಿರಬೇಕೆಂದಿಲ್ಲ.

ಹಂತ 9: ಆಮೇಲಿನ ವರ್ಷಗಳು

ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕ್ ಖಾತೆ ಬದಲಾದರೆ ಶಾಖಾ ಕಚೇರಿಗೆ ತಿಳಿಸಬೇಕು. ಹಣ ನಿಂತಿದೆ ಎಂದು ಬಂದವರಲ್ಲಿ ಬಹಳ ಜನರ ಸಮಸ್ಯೆ ಈ ಎರಡರಲ್ಲೇ ಮುಗಿಯುತ್ತಿತ್ತು. ಬೆಲೆ ಏರಿಕೆಗೆ ತಕ್ಕಂತೆ ನಿಗಮ ಆಗಾಗ ಪಿಂಚಣಿಯ ದರ ಏರಿಸುತ್ತದೆ, ಅದು ನಿಮ್ಮ ಖಾತೆಗೆ ಬಿದ್ದಿದೆಯೇ ನೋಡಿಕೊಳ್ಳಿ.

ಕೃತಕ ಅಂಗ ಬೇಕಾದರೆ ಇಎಸ್‌ಐಯಿಂದಲೇ ಪಡೆಯಬಹುದು. 40 ಪರ್ಸೆಂಟ್ ಅಥವಾ ಹೆಚ್ಚು ಬಂದು, ವಯಸ್ಸು 45 ದಾಟದಿದ್ದರೆ ಹೊಸ ಕಸುಬು ಕಲಿಯಲು ವೃತ್ತಿ ಪುನರ್ವಸತಿ ಯೋಜನೆಯಿದೆ; ಕೇಳಿದವರಿಗೆ ಮಾತ್ರ ಸಿಗುವ ಯೋಜನೆ ಇದು.

ಗಾಯದಿಂದಾಗಿ ಕೆಲಸವನ್ನೇ ಬಿಡಬೇಕಾದವರಿಗೆ ಒಂದು ಮಾತು. ಕೆಲಸ ಹೋದ ಕೂಡಲೇ ಇಎಸ್‌ಐ ಆಸ್ಪತ್ರೆಯ ಸೌಲಭ್ಯವೂ ಹೋಯಿತು ಎಂದುಕೊಂಡು ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಹಣ ಸುರಿದವರಿದ್ದಾರೆ. ವರ್ಷಕ್ಕೆ 120 ರೂಪಾಯಿ ಕಟ್ಟಿದರೆ, ನೀವು ನಿವೃತ್ತಿಯಾಗಬೇಕಿದ್ದ ದಿನದವರೆಗೆ ನಿಮಗೂ ನಿಮ್ಮ ಹೆಂಡತಿ ಅಥವಾ ಗಂಡನಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಅರ್ಜಿಯನ್ನು ಕೆಲಸ ಬಿಟ್ಟ ವಾರದಲ್ಲೇ ಕೊಡಿ, ಕಾರ್ಖಾನೆಯಿಂದ ಕೊನೆಯ ಸಂಬಳದ ಚೀಟಿ ತರಲು ಹೋದ ದಿನವೇ ಕೆಲಸ ಬಿಟ್ಟ ಕಾರಣದ ಪತ್ರವನ್ನೂ ಕೇಳಿ ತೆಗೆದುಕೊಳ್ಳಿ.